ವರ್ಷಗಟ್ಟಲೆ ಬಿಡದ ನೋವು: ನಿಮಗೆ ಯಾವುದರಿಂದ ಆರಾಮ ಆಯಿತು?

ಜೀನ್ಸ್ ಹೊಲಿಗೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಟೊಂಕದಿಂದ ಶುರುವಾಗಿ ಎಡಗಾಲಿನ ಮೀನಖಂಡದವರೆಗೆ ನೋವು. ಕೆಲವು ದಿನ ಸೆಳೆತ, ಕೆಲವು ದಿನ ಉರಿ, ರಾತ್ರಿ ಹೊತ್ತು ಜೋಮು. ವರ್ಷಗಳೇ ಆದವು. ನಾನು ಜೀನ್ಸ್ ಪ್ಯಾಂಟ್ ಹೊಲಿಯುವವಳು. ಪೀಸ್ ಲೆಕ್ಕದ ಕೂಲಿ. ಮಷಿನ್ ಬಿಟ್ಟು ಎದ್ದರೆ ಅಷ್ಟು ದುಡ್ಡು ಖೋತಾ. ಕೂರುವುದಕ್ಕೆ ಬೆನ್ನಿಗೆ ಆಸರೆ ಇಲ್ಲದ ಸ್ಟೂಲು.

ಎಂಆರ್‌ಐ ರಿಪೋರ್ಟಿನಲ್ಲಿ "ಎಲ್4-ಎಲ್5 ಡಿಸ್ಕ್ ಬಲ್ಜ್" ಅಂತ ಇದೆ, ಅಂದರೆ ಟೊಂಕದ ಎರಡು ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆಯಂತೆ. ಅದನ್ನು ನೋಡಿ ಒಬ್ಬ ಡಾಕ್ಟರು ಆಪರೇಷನ್ ಅಂದರು. ಇನ್ನೊಬ್ಬರು ಇದೇನು ದೊಡ್ಡದಲ್ಲ ಅಂದರು. ಮತ್ತೊಬ್ಬರು ರಿಪೋರ್ಟನ್ನು ಕವರಿನಿಂದ ಹೊರಗೇ ತೆಗೆಯಲಿಲ್ಲ, "ಟೆನ್ಷನ್ ಕಡಿಮೆ ಮಾಡ್ಕೊಳ್ಳಮ್ಮಾ" ಅಂದರು. ಮನೆಯಲ್ಲಂತೂ ನನ್ನ ನೋವು ಹಳೇ ಸುದ್ದಿ.

"ಪಾಪ" ಅನ್ನುವುದು ಬೇಡ. ಯಾವುದರಿಂದ ಗುಣ ಕಂಡಿತು, ಯಾವುದಕ್ಕೆ ದುಡ್ಡು ಸುಮ್ನೆ ಹೋಯಿತು, ಅಷ್ಟು ಹೇಳಿ.

ನಾಟಿ ಹೆಣ್ಣಾಳು, ಸಿಂಧನೂರು

ಅಕ್ಕಾ, ನಮ್ಮಲ್ಲಿ ಭತ್ತದ ನಾಟಿ ಮುಗಿಯುವ ಹೊತ್ತಿಗೆ ಇಡೀ ಓಣಿಯ ಹೆಂಗಸರು ಗೋಡೆ ಹಿಡಿದು ಏಳುತ್ತಾರೆ. ಕೆಸರಿನಲ್ಲಿ ಬಾಗಿದರೆ ಊಟದ ಹೊತ್ತಿಗೇ ಟೊಂಕ ನೆಟ್ಟಗಾಗುವುದು. ನನಗೆ ರಾತ್ರಿ ಬಿಸಿನೀರಿನ ಶಾಖದಿಂದ ನಿದ್ದೆಯಾದರೂ ಬರುತ್ತದೆ. ನೋವು ಹೋಗುವುದಿಲ್ಲ, ನಿದ್ದೆ ಬರುತ್ತದೆ. ಅದೂ ದೊಡ್ಡದೇ ಅಲ್ವಾ.

ಸಂತೆ ಸುದ್ದಿ

ಇಷ್ಟೊಂದು ಯಾಕೆ ಒದ್ದಾಡುತ್ತೀರಿ? ವಾರದ ಸಂತೆಗೆ ಒಬ್ಬ ನಾಟಿ ವೈದ್ಯ ಬರುತ್ತಾನೆ. ಕಂದು ಬಣ್ಣದ ಪುಡಿ, ಪೊಟ್ಟಣ ಕಟ್ಟಿ ಕೊಡುತ್ತಾನೆ. ಬೇರು, ನಾರು ಅಷ್ಟೇ, ಯಾವ ಸೈಡ್ ಎಫೆಕ್ಟೂ ಇಲ್ಲ. ನಮ್ಮ ದೊಡ್ಡಪ್ಪ ಕೋಲು ಹಿಡಿದು ಹೋದವರು, ಮೂರನೇ ದಿನಕ್ಕೆ ಕೋಲು ಬಿಟ್ಟರು. ಈಗ ಮುಖಕ್ಕೂ ಕಳೆ ಬಂದಿದೆ, ಮೈ ತುಂಬಿಕೊಂಡಿದ್ದಾರೆ.

ಮೆಡಿಕಲ್ ಶಾಪ್, ಮಾನ್ವಿ

ಅಣ್ಣಾ, ಆ ಕೊನೆಯ ಸಾಲು ಓದಿ ನನಗೆ ಗಾಬರಿ ಆಯಿತು. ಮೈ ತುಂಬಿಕೊಂಡಿದ್ದು ಅಂದಿರಲ್ಲ, ಮುಖ ಗುಂಡಗಾಗಿದೆಯಾ? ಕುತ್ತಿಗೆ ಹಿಂದೆ ದಪ್ಪ ಆಗಿದೆಯಾ? ಹೊಟ್ಟೆ ಬಂದು ಕೈಕಾಲು ಸಣ್ಣಗಾಗಿವೆಯಾ? ಹಾಗಿದ್ದರೆ ಅದು ಕಳೆ ಅಲ್ಲ. ವರ್ಷಗಳ ನೋವು ಮೂರು ದಿನದಲ್ಲಿ ಮಾಯವಾಯಿತು ಅಂದರೆ ಪುಡಿಯಲ್ಲಿ ಸ್ಟೀರಾಯ್ಡ್ ಅರೆದು ಸೇರಿಸಿರುವ ಅನುಮಾನ ಬರಲೇಬೇಕು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಇಂಥವು. ಪುಟ್ಟ ಗುಳಿಗೆ, ಬೆಲೆ ತೀರಾ ಕಡಿಮೆ, ಪುಡಿ ಮಾಡಿದರೆ ಗೊತ್ತೇ ಆಗುವುದಿಲ್ಲ.

ಸ್ಟೀರಾಯ್ಡ್ ಕೆಟ್ಟ ಔಷಧ ಅಲ್ಲ. ಡಾಕ್ಟರು ಲೆಕ್ಕ ಹಾಕಿ ಕೊಟ್ಟರೆ ಜೀವ ಉಳಿಸುತ್ತದೆ. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ತಿಂದರೆ ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ಬೇಗ ತಗಲುತ್ತದೆ. ಇನ್ನೊಂದು ಮಾತು, ಇದು ಬಹಳ ಮುಖ್ಯ: ದೊಡ್ಡಪ್ಪನಿಗೆ ಪುಡಿಯನ್ನು ಇವತ್ತೇ ಒಮ್ಮೆಲೇ ಬಿಡಿಸಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೈ ತನ್ನದನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಂತರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವರು ಹಂತ ಹಂತವಾಗಿ ಇಳಿಸುತ್ತಾರೆ.

ಇನ್ನು ಅಂಗಡಿಯಲ್ಲಿ ನಾನು ದಿನಾ ನೋಡುವುದು ನೋವಿನ ಗುಳಿಗೆ. ಬೆಳಿಗ್ಗೆ ಒಬ್ಬರು ಬರೆದ ಡೈಕ್ಲೋಫೆನಾಕ್, ರಾತ್ರಿ ಇನ್ನೊಬ್ಬರು ಬರೆದ ಎಸಿಕ್ಲೋಫೆನಾಕ್. ಹೆಸರು ಬೇರೆ, ಕುಲ ಒಂದೇ. ಎರಡೂ ಸೇರಿದರೆ ನೋವು ಡಬಲ್ ಕಡಿಮೆ ಆಗುವುದಿಲ್ಲ. ಹೊಟ್ಟೆಗೆ ಹುಣ್ಣು, ಕಿಡ್ನಿಗೆ ಪೆಟ್ಟು. ನಮ್ಮ ಕಡೆಯ ಬೇಸಿಗೆಯಲ್ಲಿ ಹೊಲದಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದು, ಮೇಲೆ ಈ ಗುಳಿಗೆ ನುಂಗಿದರೆ ಕಿಡ್ನಿಗೆ ಇನ್ನೂ ಕಷ್ಟ. ಪ್ಯಾರಸಿಟಮಾಲ್ ಕೂಡ ಎಷ್ಟು ಬೇಕಾದರೂ ನುಂಗುವ ವಸ್ತು ಅಲ್ಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲಿನ ಮಿತಿ. ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತ ಕಡಿಮೆ. ಸ್ಟ್ರಿಪ್ಪಿನ ಹಿಂದೆ ಓದಿ, ನೋವಿನ ಬಹಳಷ್ಟು ಜೋಡಿ ಗುಳಿಗೆಗಳಲ್ಲಿ ಅದು ಮೊದಲೇ ಇರುತ್ತದೆ.

ನಿವೃತ್ತ ಮೇಷ್ಟ್ರು, ಹೊಸಪೇಟೆ

ಡೈಕ್ಲೋಫೆನಾಕ್ ಅಂದಾಗ ನೆನಪಾಯಿತು. ನಮ್ಮ ದೇಶದ ರಣಹದ್ದುಗಳು ಹೆಚ್ಚುಕಡಿಮೆ ನಿರ್ನಾಮವಾಗಿದ್ದು ಇದೇ ಔಷಧದಿಂದ. ದನಕ್ಕೆ ಕೊಟ್ಟಿದ್ದು, ಸತ್ತ ದನ ತಿಂದ ಹದ್ದಿನ ಕಿಡ್ನಿ ಕೆಡಿಸಿತು. 2006ರಲ್ಲಿ ಸರ್ಕಾರ ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಹಕ್ಕಿಯ ಲೆಕ್ಕ ಮನುಷ್ಯನಿಗೆ ಹಾಗೇ ಬರುವುದಿಲ್ಲ, ಗೊತ್ತು. ವಿಷಯಾಂತರಕ್ಕೆ ಕ್ಷಮೆ ಇರಲಿ.

ಫಿಸಿಯೋ, ರಾಯಚೂರು

ಬಳ್ಳಾರಿ ಅಕ್ಕನ ರಿಪೋರ್ಟಿಗೆ ಬರುತ್ತೇನೆ. ನಿಮ್ಮನ್ನು ಕೈಯಿಂದ ಮುಟ್ಟಿ ನೋಡದೆ ಚಿಕಿತ್ಸೆ ಹೇಳುವುದಿಲ್ಲ. ಆದರೆ "ಬಲ್ಜ್" ಅನ್ನುವ ಪದಕ್ಕೆ ಅಷ್ಟು ಹೆದರಬೇಡಿ. ಬೆನ್ನು ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿದ ವಿಮರ್ಶೆ 2015ರಲ್ಲಿ ಬಂತು. 40ರ ವಯಸ್ಸಿನವರಲ್ಲಿ ಅರ್ಧದಷ್ಟು ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. 80ರವರಲ್ಲಿ ಶೇ 84. ಇವರಲ್ಲಿ ಯಾರಿಗೂ ನೋವಿರಲಿಲ್ಲ, ಮತ್ತೆ ಹೇಳುತ್ತೇನೆ. ತಲೆಗೂದಲು ಬೆಳ್ಳಗಾದ ಹಾಗೆ ಡಿಸ್ಕೂ ಸವೆಯುತ್ತದೆ. ಹಾಗಂತ ನಿಮ್ಮ ನೋವು ಸುಳ್ಳು ಅಂತಲ್ಲ. ಸ್ಕ್ಯಾನಿನಲ್ಲಿ ಕಂಡಿದ್ದೇ ನೋವಿನ ಕಾರಣ ಅಂತ ಹೇಳಬೇಕಾದರೆ, ಕಾಲೆತ್ತಿ ನೋಡಿ, ಬಲ ನೋಡಿ, ಯಾವ ನರದ ಜಾಗದಲ್ಲಿ ಜೋಮಿದೆ ನೋಡಿ, ಅದು ಸ್ಕ್ಯಾನಿಗೆ ತಾಳೆ ಆಗಬೇಕು. ಕವರಿನಿಂದ ತೆಗೆಯದವರೂ ಸರಿಯಲ್ಲ, ಬರೀ ಕವರಿನೊಳಗಿದ್ದದ್ದನ್ನೇ ನೋಡಿದವರೂ ಸರಿಯಲ್ಲ.

ಆಪರೇಷನ್ ಬಗ್ಗೆ: ಡಿಸ್ಕ್ ನರವನ್ನು ಒತ್ತಿ ಕಾಲು ಸೆಳೆಯುವವರಲ್ಲಿ ಬೇಗ ಆಪರೇಷನ್ ಮಾಡಿದರೆ ಕಾಲಿನ ನೋವು ಬೇಗ ಇಳಿಯುತ್ತದೆ. ಆದರೆ ನೆದರ್ಲೆಂಡ್ಸ್‌ನಲ್ಲಿ 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷ ಕಳೆಯುವ ಹೊತ್ತಿಗೆ ಬೇಗ ಮಾಡಿಸಿಕೊಂಡವರೂ ಕಾದು ನೋಡಿದವರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು. ಹಾಗಾಗಿ ನಾಳೆಯೇ ಅಡ್ಮಿಟ್ ಆಗಿ ಅಂತ ಯಾರಾದರೂ ಅವಸರ ಮಾಡಿದರೆ, ಯಾಕೆ ಅವಸರ ಅಂತ ಕೇಳಿ.

ಅವಸರ ಮಾಡಲೇಬೇಕಾದ ಸಂಗತಿಗಳು ಬೇರೆ. ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು: ಇದಕ್ಕೆ ಅದೇ ದಿನ ದೊಡ್ಡಾಸ್ಪತ್ರೆ. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ಬೆನ್ನು ನೋವು ಇದ್ದರೆ ಬೆನ್ನುಮೂಳೆಯ ಟಿ.ಬಿ. ಇದೆಯಾ ಅಂತ ನೋಡಲೇಬೇಕು. ನಮ್ಮಲ್ಲಿ ಅದು ಅಪರೂಪ ಅಲ್ಲ.

ಜೀನ್ಸ್ ಹೊಲಿಗೆ, ಬಳ್ಳಾರಿ

ಮೂತ್ರದ ತೊಂದರೆ ಇಲ್ಲ, ಪಾದ ಎತ್ತಲು ಬರುತ್ತದೆ. ಇಷ್ಟು ವಿವರ ಇದುವರೆಗೆ ಯಾರೂ ಹೇಳಿರಲಿಲ್ಲ. ಆದರೆ ಸರ್, ಮುಂದೆ ನೀವು "ವಾಕಿಂಗ್ ಮಾಡಿ" ಅನ್ನುತ್ತೀರಿ ಅಂತ ಗೊತ್ತು. ಪೀಸ್ ಲೆಕ್ಕದವರಿಗೆ ವಾಕಿಂಗಿಗೆ ಟೈಮ್ ಎಲ್ಲಿಂದ ತರಲಿ?

ಫಿಸಿಯೋ, ರಾಯಚೂರು

ಸಿಕ್ಕಿಬಿದ್ದೆ ನೋಡಿ, ಅದನ್ನೇ ಹೇಳುವವನಿದ್ದೆ. ಬೆನ್ನು ನೋವು ವಾಸಿಯಾದವರ ಮೇಲೆ ಆಸ್ಟ್ರೇಲಿಯಾದಲ್ಲಿ ಮಾಡಿದ ಪರೀಕ್ಷೆ 2024ರಲ್ಲಿ ಪ್ರಕಟವಾಯಿತು. ನಡಿಗೆ ರೂಢಿಸಿಕೊಂಡವರಿಗೆ ನೋವು ಮರಳಲು ಹಿಡಿದದ್ದು ಸುಮಾರು 208 ದಿನ, ಉಳಿದವರಿಗೆ 112. ಖರ್ಚಿಲ್ಲದ ಮದ್ದು. ಆದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಒಂದು ಮಾಡಿ: ಬಂಡಲ್ ಮುಗಿದಾಗ ಮುಂದಿನ ಬಂಡಲನ್ನು ಹೆಲ್ಪರ್ ಹುಡುಗನ ಕೈಲಿ ತರಿಸಬೇಡಿ. ನೀವೇ ಎದ್ದು ಹೋಗಿ ತನ್ನಿ. ಎದ್ದಾಗ ಎರಡೂ ಕೈ ಟೊಂಕದ ಮೇಲಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ, ಕಾಲಿಗೆ ನೋವು ಇಳಿಯದಿದ್ದರೆ ಮಾತ್ರ. ದಾರ ಬದಲಿಸುವಾಗ ನಿಂತೇ ಬದಲಿಸಿ. ಇದು ಕೂಲಿ ತಿನ್ನುವುದಿಲ್ಲ.

ಇನ್ನೊಂದು, ಆರಾಮ ಇದ್ದ ದಿನ ಮನೆಯ ಬಾಕಿ ಕೆಲಸ ಎಲ್ಲಾ ಒಂದೇ ಏಟಿಗೆ ಮುಗಿಸುವುದು, ಆಮೇಲೆ ಎರಡು ದಿನ ಮಲಗುವುದು. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಹೆಚ್ಚಿನವರದ್ದು ಇದೇ ಕಥೆ. ಒಳ್ಳೆ ದಿನದಲ್ಲೂ ಸ್ವಲ್ಪ ಉಳಿಸಿಕೊಳ್ಳಿ, ಕೆಟ್ಟ ದಿನದಲ್ಲೂ ಸ್ವಲ್ಪ ಓಡಾಡಿ.

ಹಟ್ಟಿ ಹುಡುಗ, ಲಿಂಗಸುಗೂರು

ನನ್ನದು ಉಲ್ಟಾ ಕೇಸ್, ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಯಿತು. ಬೆಳಗಿನ ಜಾವ ನೋವಿಗೆ ಎಚ್ಚರ. ಎದ್ದಾಗ ಬೆನ್ನು ಕಟ್ಟಿಗೆ. ಅಂಗಳದಲ್ಲಿ ಓಡಾಡಿದರೆ ಸಡಿಲ, ಮಲಗಿದರೆ ಮತ್ತೆ ಜಾಸ್ತಿ. ಎಲ್ಲರೂ "ಡಿಸ್ಕ್, ರೆಸ್ಟ್ ತಗೋ" ಅನ್ನುತ್ತಿದ್ದರು. ರೆಸ್ಟ್ ತಗೊಂಡಷ್ಟೂ ಕೆಟ್ಟಿತು. ಕೊನೆಗೆ ಕೀಲುವಾತದ ತಜ್ಞರು ಕೇಳಿದ್ದು ಒಂದೇ ಪ್ರಶ್ನೆ: "ಕೂತರೆ ಆರಾಮವೋ, ಓಡಾಡಿದರೆ ಆರಾಮವೋ?" ಆಮೇಲೆ ಎಚ್‌ಎಲ್‌ಎ-ಬಿ27 ರಕ್ತ ಪರೀಕ್ಷೆ, ಸೊಂಟದ ಕೀಲಿನ ಸ್ಕ್ಯಾನ್. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಮೈಯ ರಕ್ಷಣಾ ವ್ಯವಸ್ಥೆಯೇ ಬೆನ್ನಿನ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಇದಕ್ಕೆ ವ್ಯಾಯಾಮ ಬಿಟ್ಟರೆ ಗತಿಯಿಲ್ಲ, ಜೊತೆಗೆ ಡಾಕ್ಟರ ಕಣ್ಣಿನಡಿ ಔಷಧ. 45ರ ಒಳಗಿನವರು ಯಾರಿಗಾದರೂ ಹೀಗಿದ್ದರೆ ಮೂಳೆ ಡಾಕ್ಟರ ಜೊತೆ ಕೀಲುವಾತದವರನ್ನೂ ನೋಡಿ.

ರೊಟ್ಟಿ ಅಂಗಡಿ, ಗಂಗಾವತಿ

ತಮ್ಮಾ, ನನ್ನದು ಅದರ ಅಕ್ಕನಂಥ ಕಾಯಿಲೆ, ರುಮಟಾಯ್ಡ್ ಅನ್ನುವ ಕೀಲುವಾತ. ಎರಡೂ ಕೈಯ ಬೆರಳ ಗೆಣ್ಣು ಬಾವು. ಬೆಳಿಗ್ಗೆ ಎದ್ದು ಒಂದು ತಾಸು ಲೋಟ ಹಿಡಿಯಲು ಆಗುವುದಿಲ್ಲ. ರೊಟ್ಟಿ ಬಡಿಯುವುದೇ ನನ್ನ ಕಸುಬು, ಯೋಚನೆ ಮಾಡಿ. ಈಗ ಬೆಳಗಿನ ಕೆಲಸ ಸೊಸೆಗೆ ಬಿಟ್ಟಿದ್ದೇನೆ. ಬಿಸಿಲು ಏರಿದ ಮೇಲೆ ಬೆರಳು ಸಡಿಲ ಆಗುತ್ತವೆ, ಆಗ ಕೂರುತ್ತೇನೆ. ನೆಲದ ಒಲೆ ಬಿಟ್ಟು ನಿಂತು ಬಡಿಯುವ ಕಟ್ಟೆ ಮಾಡಿಸಿದೆವು. ಖಡಕ್ ರೊಟ್ಟಿ ಜಾಸ್ತಿ ಮಾಡುತ್ತೇವೆ, ಕೈ ಒಪ್ಪಿದ ದಿನ ಮಾಡಿಟ್ಟರೆ ಕೆಡುವುದಿಲ್ಲ.

ಔಷಧದ ವಿಷಯ ಒಂದು ಹೇಳಲೇಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಕೆಂಪು ಸುತ್ತು ಹಾಕಿದ್ದೇವೆ. ಬೇರೆ ದಿನ ಫೋಲಿಕ್ ಆಮ್ಲ. ಓದು ಬಾರದ ಹಿರಿಯರಿಗೆ ಡಬ್ಬಿಯಲ್ಲಿ ಬೇರೆ ಮಾಡಿಟ್ಟು ಕೊಡಿ. ದಿನಾ ನುಂಗಿದರೆ ರಕ್ತದ ಕಣ ಬಿದ್ದು ಜೀವ ಹೋಗಬಹುದು. ಆಗಾಗ ರಕ್ತ ಪರೀಕ್ಷೆ ತಪ್ಪಿಸಬೇಡಿ. ಬಸಿರಾಗುವ ಯೋಚನೆ ಇರುವವರು ಮೊದಲೇ ಡಾಕ್ಟರಿಗೆ ಹೇಳಿ.

ಮೆಡಿಕಲ್ ಶಾಪ್, ಮಾನ್ವಿ

ಯಕ್ಕಾ, ಇದನ್ನು ಇಷ್ಟು ಬಿಡಿಸಿ ಬರೆದಿದ್ದಕ್ಕೆ ಶರಣು.

ಟವರ್ ಕ್ಲಾಕ್

ನನಗೆ ಅನ್ನಿಸುವುದು, ಇದರಲ್ಲಿ ಅರ್ಧ ಮನಸ್ಸಿನದ್ದು. ಹಿಂದಿನವರು ಇಷ್ಟೆಲ್ಲಾ ನೋವು ಅಂತ ಕೂರುತ್ತಿರಲಿಲ್ಲ.

ಹೆಂಡತಿ ಪರವಾಗಿ, ಕೊಪ್ಪಳ

ಟವರ್ ಕ್ಲಾಕ್ ಅವರೇ, ನಮ್ಮವ್ವನೂ ಇದನ್ನೇ ಹೇಳುತ್ತಿದ್ದಳು. ನನ್ನ ಹೆಂಡತಿಗೆ ಫೈಬ್ರೊಮಯಾಲ್ಜಿಯಾ. ಎಕ್ಸ್‌ರೇ ನಾರ್ಮಲ್, ರಕ್ತ ನಾರ್ಮಲ್, ಸ್ಕ್ಯಾನ್ ನಾರ್ಮಲ್. ಭುಜ, ಬೆನ್ನು, ತೊಡೆ ಎಲ್ಲಾ ನೋವು. ಮಗು ಓಡಿ ಬಂದು ತಬ್ಬಿಕೊಂಡರೂ "ಅಯ್ಯೋ" ಅನ್ನುತ್ತಾಳೆ. ರಾತ್ರಿಯಿಡೀ ಮಲಗಿದರೂ ನಿದ್ದೆ ಆಗಿಲ್ಲದಂಥ ಸುಸ್ತು. ಡಾಕ್ಟರು ಹೇಳಿದ ಪ್ರಕಾರ ನೋವಿನ ಸುದ್ದಿ ಒಯ್ಯುವ ನರ, ಅದನ್ನು ಗ್ರಹಿಸುವ ಮಿದುಳು ಎರಡೂ ಅತಿ ಚುರುಕಾಗಿಬಿಟ್ಟಿರುತ್ತವೆ. ಗಾಯ ಇರಬೇಕೆಂದೇನೂ ಇಲ್ಲ, ನೋವು ನಿಜ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ತಿದ್ದಿದಾಗ, ನೋವಿದೆ ಅಂತ ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು ಅಂತಲೇ ಬರೆಯಿತು.

ಅವಳಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ಸಣ್ಣ ಡೋಸು ಕೊಟ್ಟರು. ಅದು ಖಿನ್ನತೆಯ ಮಾತ್ರೆ ಅಂತ ಫೋನಿನಲ್ಲಿ ನೋಡಿ ಮನೆಯಲ್ಲಿ ರಂಪ ಆಯಿತು. ಡಾಕ್ಟರನ್ನೇ ಕೇಳಿದೆ. ಖಿನ್ನತೆಗೆ ಕೊಡುವ ಪ್ರಮಾಣ ಜಾಸ್ತಿ, ಇದು ನೋವಿನ ದಾರಿ ಮತ್ತು ನಿದ್ದೆಗೆ ಕೊಡುವ ಸಣ್ಣ ಪ್ರಮಾಣ ಅಂದರು. ಬಾಯಿ ಒಣಗುತ್ತದೆ, ಬೆಳಿಗ್ಗೆ ಸ್ವಲ್ಪ ಮಂಕು. ಆದರೆ ನಿದ್ದೆ ಸರಿಹೋಯಿತು. ನಿದ್ದೆ ಸರಿಹೋದ ಮೇಲೆ ಸಂಜೆ ನಡೆಯಲು ಶುರು ಮಾಡಿದಳು. ನೋವು ಪೂರ್ತಿ ಹೋಗಿಲ್ಲ. ಮದುವೆ ಮನೆಗಳಿಗೆ ಬರುತ್ತಾಳೆ ಈಗ, ಮೊದಲು ಬರುತ್ತಿರಲಿಲ್ಲ. ವರ್ಷಗಟ್ಟಲೆ ನೋವಿದ್ದವರಿಗೆ ಮನಸ್ಸೂ ಕುಗ್ಗುತ್ತದೆ, ಅದು ನೋವಿನ ಫಲವೂ ಹೌದು. ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಇದೆ, ಟೆಲಿಮಾನಸ್, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವಳು ಮಾತಾಡಿದ್ದಾಳೆ.

ಟವರ್ ಕ್ಲಾಕ್

ಸರಿ ಸಾರ್. ನೋಯಿಸುವ ಉದ್ದೇಶ ಇರಲಿಲ್ಲ.

ರಾಯಚೂರು ಕೋಟೆ

ಹಿಂದಿನವರು ಅಂದಿರಲ್ಲ, 2006ರ ಚಿಕೂನ್‌ಗುನ್ಯಾ ಮರೆತಿರಾ? ಜ್ವರ ವಾರದಲ್ಲಿ ಇಳಿಯಿತು, ಕೀಲು ನೋವು ಕೆಲವರಿಗೆ ವರ್ಷಗಳ ಕಾಲ ಉಳಿಯಿತು. ಚಳಿಗಾಲ ಬಂದರೆ ನಮ್ಮಮ್ಮ ಇವತ್ತಿಗೂ ಅದನ್ನೇ ಬೈಯುತ್ತಾಳೆ.

ಬೋರ್‌ವೆಲ್ ನೀರು, ಕುಷ್ಟಗಿ

ಇಷ್ಟು ಹೊತ್ತು ಓದುತ್ತಿದ್ದೆ. ಯಾರೂ ನೀರಿನ ಮಾತು ಎತ್ತಲಿಲ್ಲ, ಅದಕ್ಕೆ ಆಶ್ಚರ್ಯ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯವರಿಗೆ ಬೋರ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಗೊತ್ತಿರಬೇಕು.

ನಮ್ಮಪ್ಪ ಅಗಸಿ ಕಟ್ಟೆ ಮೇಲೆ ಕೂತಾಗ ಪಕ್ಕದವರು ಕರೆದರೆ ಕುತ್ತಿಗೆ ತಿರುಗಿಸುವುದಿಲ್ಲ. ಇಡೀ ಮೈ ತಿರುಗಿಸಿ ನೋಡುತ್ತಾರೆ. ಊರವರು ಗತ್ತು ಅಂದುಕೊಂಡಿದ್ದರು. ಬೆನ್ನು, ಕುತ್ತಿಗೆ, ಮೊಣಕಾಲು, ಎಲ್ಲಾ ವಯಸ್ಸಿನ ವಾತ ಅಂತ ಎಣ್ಣೆ ತಿಕ್ಕಿಸಿಕೊಂಡರು, ಒಮ್ಮೆ ಬರೆ ಕೂಡ ಹಾಕಿಸಿಕೊಂಡರು. ಸರ್ಕಾರಿ ದವಾಖಾನೆಯ ಡಾಕ್ಟರೊಬ್ಬರು ಹಲ್ಲಿನ ಕಂದು ಪಟ್ಟೆ ನೋಡಿ "ಯಾವ ನೀರು ಕುಡಿಯುತ್ತೀರಿ ಯಜಮಾನ್ರೇ" ಅಂದರು. ಆಮೇಲೆ ಮೂರು ಕೆಲಸ ಮಾಡಿಸಿದರು. ಮೊಣಕಾಲು ಮಡಿಸದೆ ಬಾಗಿ ನೆಲ ಮುಟ್ಟಿ. ಗದ್ದವನ್ನು ಎದೆಗೆ ತಾಗಿಸಿ. ಕೈ ಚಾಚಿ, ಮಡಿಸಿ, ತಲೆಯ ಹಿಂಭಾಗ ಮುಟ್ಟಿ. ಅಪ್ಪನಿಗೆ ಮೂರೂ ಆಗಲಿಲ್ಲ. ಮುಂಗೈ ಎಕ್ಸ್‌ರೇ ತೆಗೆಸಿದರು, ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿ ಬೆಳ್ಳಗೆ ಕಾಣುತ್ತಿತ್ತು. ಮೂತ್ರದಲ್ಲಿ ಫ್ಲೋರೈಡ್ ಪರೀಕ್ಷೆ ಆಯಿತು. ಫ್ಲೋರೋಸಿಸ್, ಅಂದರೆ ನೀರಿನ ಫ್ಲೋರೈಡ್ ಮೂಳೆ, ಹಲ್ಲಿನಲ್ಲಿ ಕೂತು ಬರುವ ಕಾಯಿಲೆ.

ಮೂಳೆಯಲ್ಲಿ ಕೂತದ್ದನ್ನು ತೆಗೆಯುವ ಔಷಧ ಇಲ್ಲ ಅಂತ ನೇರವಾಗಿ ಹೇಳಿದರು. ಮುಂದೆ ಬೆಳೆಯದ ಹಾಗೆ ನಿಲ್ಲಿಸಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಈಗ ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತೇವೆ. ಕುಡಿಯುವುದಕ್ಕೆ ಮಾತ್ರ ಅಲ್ಲ, ಬೇಳೆ, ಅನ್ನ, ಚಹಾ, ಹಿಟ್ಟು ನಾದುವುದಕ್ಕೂ ಅದೇ. ಜನ ಇಲ್ಲೇ ಜಿಪುಣತನ ಮಾಡುವುದು. ಕುಡಿಯಲು ಕ್ಯಾನ್ ನೀರು, ಅಡುಗೆಗೆ ಬೋರಿನದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಗುವುದಿಲ್ಲ. ಹಾಲು, ಮೊಸರು, ನುಗ್ಗೆ ಸೊಪ್ಪು ಜಾಸ್ತಿ ತಿನ್ನಿ ಅಂದರು. ಕುತ್ತಿಗೆ ನೆಟಿಗೆ ತೆಗೆಯುವವರ ಕೈಗೆ ಮಾತ್ರ ತಲೆ ಕೊಡಬೇಡಿ ಅಂತ ಗದರಿಸಿ ಕಳಿಸಿದರು.

ಅಪ್ಪನಿಗೆ ನೋವು ಇದೆ. ಬೆಳಗಿನ ಬಿಗಿತ ಮೊದಲಿಗಿಂತ ಕಡಿಮೆ. ಮೊಮ್ಮಕ್ಕಳ ಹಲ್ಲು ಬಿಳಿ ಇವೆ.

ನಾಟಿ ಹೆಣ್ಣಾಳು, ಸಿಂಧನೂರು

ಬಸ್ ಫ್ರೀ ಆಗಿದ್ದು ನಮಗೆ ಒಳ್ಳೆಯದಾಯಿತು, ದವಾಖಾನೆಗೆ ಹೋಗಲು ಮನೆಯಲ್ಲಿ ದುಡ್ಡು ಕೇಳುವುದು ತಪ್ಪಿತು. ಆದರೆ ಟೊಂಕ ನೋವಿನವಳಿಗೆ ಹಿಂದಿನ ಸೀಟು ಸಿಕ್ಕರೆ, ಆ ರಸ್ತೆಗೆ, ಡಾಕ್ಟರ ಹತ್ತಿರ ಹೋಗುವಾಗ ಒಂದು ನೋವು, ಬರುವಾಗ ಎರಡು.

ಜೀನ್ಸ್ ಹೊಲಿಗೆ, ಬಳ್ಳಾರಿ

ನಗಿಸಿದಿರಿ ಅಕ್ಕಾ.

ಬಂಡಲ್ ನಾನೇ ತರುವುದು ಶುರು ಮಾಡಿದ್ದೇನೆ. ಮಾಲೀಕರು ಒಂದು ದಿನ ನೋಡಿ ಏನೂ ಅನ್ನಲಿಲ್ಲ. ಸ್ಟೂಲಿಗೆ ಹಳೇ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಕತ್ತರಿಸಿ ತಂತಿಯಿಂದ ಕಟ್ಟಿದೆ. ನೋಡಲು ಚೆನ್ನಾಗಿಲ್ಲ, ಪಕ್ಕದ ಮಷಿನ್‌ನವಳು ಈಗ ತನಗೂ ಒಂದು ಬೇಕು ಅನ್ನುತ್ತಿದ್ದಾಳೆ. ಕಾಲಿನ ಉರಿ ಹಾಗೇ ಇದೆ. ಪ್ರೆಗಾಬಾಲಿನ್ ಬರೆದಿದ್ದರು, ತಲೆ ತಿರುಗುತ್ತದೆ. ಮುಂದುವರಿಸಲೋ ಬೇಡವೋ?

ಮೆಡಿಕಲ್ ಶಾಪ್, ಮಾನ್ವಿ

ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ತಲೆ ತಿರುಗುವುದನ್ನು ಬರೆದ ಡಾಕ್ಟರಿಗೆ ಹೇಳಿ. ಸಕ್ಕರೆ ಕಾಯಿಲೆಯ ಪಾದದ ಉರಿಗೆ, ಸರ್ಪಸುತ್ತಿನ ನಂತರದ ನೋವಿಗೆ ಅದು ಉಪಯೋಗ. ಬೆನ್ನಿನಿಂದ ಕಾಲಿಗೆ ಇಳಿಯುವ ನೋವಿಗೆ ಮಾತ್ರ, 2017ರಲ್ಲಿ ಬಂದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಔಷಧವೇ ಇಲ್ಲದ ಖಾಲಿ ಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಇದನ್ನೂ ಕೇಳಿ. ಹೋಗುವಾಗ ಹಳೇ ಸ್ಟ್ರಿಪ್ಪುಗಳನ್ನೆಲ್ಲಾ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. "ಆ ಬಿಳಿ ಗುಳಿಗೆ" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಸಂತೆ ಸುದ್ದಿ

ದೊಡ್ಡಪ್ಪನನ್ನು ಕರೆದುಕೊಂಡು ಹೋಗಿದ್ದೆ. ಸಕ್ಕರೆ ಏರಿದೆ. ಪುಡಿ ನೋಡಿ ಡಾಕ್ಟರು ತಲೆ ಅಲ್ಲಾಡಿಸಿದರು. ಬದಲಿಗೆ ಗುಳಿಗೆ ಕೊಟ್ಟು ನಿಧಾನ ಇಳಿಸುತ್ತೇವೆ ಅಂದರು. ದೊಡ್ಡಪ್ಪ ನನ್ನ ಮೇಲೆ ಸಿಟ್ಟು, ಮೊಣಕಾಲು ಮತ್ತೆ ಹಿಡಿಯುತ್ತಿದೆಯಂತೆ.

ಹಟ್ಟಿ ಹುಡುಗ, ಲಿಂಗಸುಗೂರು

ಕುಷ್ಟಗಿ ಅಣ್ಣಾ, ಒಂದು ಪ್ರಶ್ನೆ. ನಮ್ಮ ಓಣಿಯಲ್ಲೂ ಬೋರ್‌ವೆಲ್. ನೀರು ಪರೀಕ್ಷೆ ಎಲ್ಲಿ ಮಾಡಿಸುವುದು?

ಬೋರ್‌ವೆಲ್ ನೀರು, ಕುಷ್ಟಗಿ

ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳು ತಮ್ಮಾ. ಜಲ ಜೀವನ್ ಮಿಷನ್‌ನ ಪರೀಕ್ಷಾ ಕಿಟ್ ಅಲ್ಲಿ ಇರುತ್ತದೆ, ಬಣ್ಣ ನೋಡಿ ಅಂದಾಜು ಹೇಳುತ್ತಾರೆ. ಸರಿಯಾದ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ. ಜನಸಾಮಾನ್ಯರೂ ಸಣ್ಣ ಶುಲ್ಕ ಕಟ್ಟಿ ಮಾಡಿಸಬಹುದು. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ತಗೊಂಡು ಹೋಗು. ಬೋರ್ ಸ್ವಲ್ಪ ಹೊತ್ತು ಓಡಲಿ, ಅದೇ ನೀರಿನಲ್ಲಿ ಬಾಟಲಿ ಎರಡು ಮೂರು ಸಲ ತೊಳೆದು ತುಂಬು. ಮೇಲೆ ಊರು, ಓಣಿ, ತಾರೀಖು ಬರೆದು ಅಂಟಿಸು. ರಿಪೋರ್ಟ್ ಬಂದಾಗ ಫ್ಲೋರೈಡ್ ಸಾಲಿನ ಅಂಕಿ ಇಲ್ಲಿ ಹಾಕು, ನೋಡೋಣ.